ಅರ್ಜಿಯಲ್ಲಿ ಬರೆದ ಪ್ರಾಣಿ

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಬೇಟೆಯ ಹಕ್ಕಿನ ಬಗ್ಗೆ ಹನ್ನೊಂದು ಕರಪತ್ರ ಬರೆದಿದ್ದೇನೆ, ಆರು ಊರುಗಳಲ್ಲಿ ಭಾಷಣ ಬಿಗಿದಿದ್ದೇನೆ, ರಾಜಧಾನಿಯ ದೊಡ್ಡ ರಸ್ತೆಯಲ್ಲಿ ಅಂಗಾತ ಮಲಗಿ ನಾಲ್ವರು ಪೊಲೀಸರ ಕೈಯಲ್ಲಿ ಹೊತ್ತೊಯ್ಯಿಸಿಕೊಂಡಿದ್ದೇನೆ. ಬೇಟೆಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಹುಟ್ಟಿದ್ದು ಬೆಟ್ಟದಲ್ಲೇ. ಆದರೆ ಅಪ್ಪ ತೈವಾನಿನ ತೈಚುಂಗ್ ನಗರದಲ್ಲಿ ಕಟ್ಟಡಗಳಿಗೆ ಸಾರವೆ ಕಟ್ಟಲು ಹೋದಾಗ ನನಗೆ ಮೂರು ವರ್ಷ. ಶಾಲೆಯಲ್ಲಿ ನನ್ನನ್ನು ಚೀನೀ ಹೆಸರಿನಿಂದ ಕರೆದರು; ನಾನೂ ಓಗೊಟ್ಟೆ. ನಾನು ಬುನುನ್ ಬುಡಕಟ್ಟಿನವನು, ನನ್ನ ಹೆಸರು ಹೈಸುಲ್ ಎಂದು ಎದೆ ತಟ್ಟಿ ಹೇಳಲು ಕಲಿತದ್ದು ಕಾಲೇಜಿನ ಓದುವ ಬಳಗದಲ್ಲಿ. ನೂಡಲ್ಸ್ ಅಂಗಡಿಯೊಂದರ ಮಹಡಿಯಲ್ಲಿ ಏಳು ಜನ ಕೂತು, ನೆಲ ಯಾರದು, ಕಾಡು ಯಾರದು, ಕಾನೂನು ಯಾರದು ಎಂದು ವಾರವಾರ ಓದುತ್ತಿದ್ದೆವು. ಅಲ್ಲಿ ಒಂದು ಪದಪಟ್ಟಿಯನ್ನೂ ಮಾಡಿಕೊಂಡಿದ್ದೆವು, ನಮ್ಮ ನುಡಿಯ ಇನ್ನೂರು ಪದ. ನಾನು ಅದನ್ನು ಉರು ಹೊಡೆದೆ. ಆಮೇಲೆ ಊರಿಗೆ ಬಂದು ನೆಲೆಸಿ, ಊರಿನವರಿಗೇ ಅವರ ಹಕ್ಕುಗಳನ್ನು ವಿವರಿಸತೊಡಗಿದೆ.

ನನ್ನ ಸೋದರಮಾವ ಲನಿಹುಗೆ ಅರವತ್ತೇಳು. ಅವರ ಬಂದೂಕು ಅವರೇ ಮಾಡಿಕೊಂಡದ್ದು. ನಳಿಗೆಯ ಬಾಯಿಂದ ಮದ್ದು ತುಂಬಿ, ಕಾಗದ ತುರುಕಿ, ಸರಳಿನಿಂದ ಜಡಿಯಬೇಕು. ಕಾನೂನು ನಮಗೆ ಅಂಥದ್ದನ್ನೇ ಬಿಟ್ಟಿದೆ. ಕೈಯಲ್ಲೇ ಸಿಡಿದು ಬೆರಳು ಹೋದರೆ ಅದು ನಿಮ್ಮ ಸಂಸ್ಕೃತಿ ಎನ್ನುತ್ತಾರೆ. ಹಿಂದಿನ ಚಳಿಗಾಲದಲ್ಲಿ ಮಾವ ಅನುಮತಿಯಿಲ್ಲದ ಕಾಡುಹಂದಿ ಹೊತ್ತು ಇಳಿಯುವಾಗ ಸಿಕ್ಕಿಬಿದ್ದಿದ್ದರು. ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು: ಇನ್ನೊಮ್ಮೆ ಹೀಗಾದರೆ ಬಂದೂಕು ಜಪ್ತಿ, ಪರವಾನಗಿ ರದ್ದು, ಮತ್ತೆ ಎಂದಿಗೂ ಸಿಗದು. ಬಂದೂಕು ಹೋದರೆ ಮಾವನಿಗೆ ಬೆಟ್ಟವೇ ಹೋದ ಹಾಗೆ. ಅವರು ಆ ವರ್ಷವಿಡೀ ಕೋಸಿನ ಹೊಲದ ಬದುವಿನ ಮೇಲೆ ಕೂತು ಮೇಲಿನ ಕಣಿವೆ ನೋಡುತ್ತ ಕಳೆದರು.

ಅವರಿಗೆ ಬರೆಯಲು ಬಾರದು ಎಂಬುದಷ್ಟೇ ಅಲ್ಲ, ಅರ್ಜಿ ಹಾಕಲೇಬಾರದಾಗಿತ್ತು. ಯಾವ ಪ್ರಾಣಿ, ಎಷ್ಟು ಎಂದು ಇಪ್ಪತ್ತು ದಿನ ಮೊದಲೇ ಬರೆದುಕೊಡಬೇಕು ಎನ್ನುತ್ತದೆ ಕಚೇರಿ. ನಮ್ಮಲ್ಲಿ ಅದನ್ನು ಬಾಯಲ್ಲಿ ಆಡುವುದೇ ಇಲ್ಲ. ಬೇಟೆಗೆ ಹೊರಟವನು, “ಹಾಗೇ ಬೆಟ್ಟದ ಕಡೆ ನೋಡ್ಕೊಂಡು ಬರ್ತೀನಿ” ಎನ್ನುತ್ತಾನೆ, ಅಷ್ಟೇ. ಹೆಸರು ಹೇಳಿದರೆ ಆ ಪ್ರಾಣಿಗೆ ಕೇಳಿಸುತ್ತದೆ. ಎಣಿಕೆ ಹೇಳಿದರೆ ಬೆಟ್ಟಕ್ಕೆ ಅವಮಾನ. ಕೊಡುವವರ ಮನೆಗೆ ಚೀಟಿ ಹಿಡಿದು ಹೋಗುತ್ತಾರೆಯೇ?

“ನೀವು ಹೇಳ್ಬೇಡಿ ಮಾವ, ನಾನು ಬರೀತೀನಿ. ಪಾಪ ಬಂದ್ರೆ ನನಗೆ ಬರ್ಲಿ” ಎಂದೆ. ಎಂಥ ತ್ಯಾಗಿ!

ಬರೆಯುವಾಗ ನನ್ನೊಳಗಿನ ಹೋರಾಟಗಾರ ಎದ್ದು ಕೂತ. ನಮ್ಮ ಪ್ರಾಣಿಯನ್ನು ಅವರ ಭಾಷೆಯಲ್ಲಿ ಯಾಕೆ ಬರೆಯಬೇಕು? ಪ್ರಾಣಿಯ ಹೆಸರಿನ ಖಾನೆಯಲ್ಲಿ ಚೀನೀ ಅಕ್ಷರ ಬಿಟ್ಟು, ಪಾದ್ರಿಗಳು ನಮ್ಮ ಅಜ್ಜಂದಿರಿಗೆ ಕಲಿಸಿದ ಲಿಪಿಯಲ್ಲಿ, ನಮ್ಮ ನುಡಿಯಲ್ಲಿ ದಪ್ಪಗೆ ಬರೆದೆ: ಸಕುತ್, ಎರಡು. ಮಾವ ಎರಡು ಕಡವೆ ತರುವುದು ನನ್ನ ಲೆಕ್ಕ. ಕೊಂಬಿನ ಗಂಡು ಕಡವೆ ನಮ್ಮ ಚಳವಳಿಯ ಚಿಹ್ನೆಯೂ ಹೌದು.

ಗುಮಾಸ್ತೆ ಕಾಗದವನ್ನು ಅತ್ತ ಇತ್ತ ತಿರುಗಿಸಿ, “ಇದೇನ್ರೀ ಇದು?” ಎಂದಳು.

“ನಮ್ಮ ಭಾಷೆ. ತಗೊಳ್ಳಲ್ಲ ಅಂತ ಲಿಖಿತವಾಗಿ ಕೊಡಿ, ನಾಳೆ ಇನ್ನೂರು ಜನ ತರ್ತೀನಿ.”

ಆಕೆ ಯಾರಿಗೋ ಫೋನು ಮಾಡಿ, ನಿಟ್ಟುಸಿರು ಬಿಟ್ಟು, ಮುದ್ರೆ ಒತ್ತಿದಳು. ನಾನು ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ನಿಂತು ಮುಷ್ಟಿ ಎತ್ತಿ ನನ್ನ ಫೋಟೊ ನಾನೇ ತೆಗೆದುಕೊಂಡೆ.

ಮನೆಗೆ ಬಂದರೆ ಮಾವ ಎರಡೂ ಕಿವಿ ಮುಚ್ಚಿಕೊಂಡರು. “ಏನ್ ಬರ್ದೆ ಅಂತ ಬಾಯ್ಬಿಟ್ರೆ ನೋಡು!”

“ಹೇಳ್ದೇ ಇದ್ರೆ ನೀವು ಯಾವುದಕ್ಕೆ ಹೊಡೀಬೇಕು, ಯಾವುದನ್ನ ಬಿಡ್ಬೇಕು ಅಂತ ಹೆಂಗೆ ಗೊತ್ತಾಗತ್ತೆ?” ಎಂದರು ಅಬುಸ್ ಅತ್ತೆ, ಒಲೆಯ ಮುಂದಿನಿಂದ. “ಕೈಸನ್ನೆ ಮಾಡಿ ತೋರ್ಸೋ.”

ನಾನು ಎರಡೂ ಕೈ ತಲೆಯ ಮೇಲೆತ್ತಿ, ಬೆರಳು ಅಗಲಿಸಿ, ಕವಲು ಕವಲಾದ ಕೊಂಬು ಮಾಡಿ ನಿಂತೆ.

“ಸೊಪ್ಪಿನ ಸಮೇತ ಕಿತ್ತ ಮೂಲಂಗಿ ಇದ್ದಂಗಿದ್ದೀಯ” ಎಂದರು ಅತ್ತೆ. ಮಾವ ಅರ್ಧ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದರು. “ಸಾಕು ಇಳಿಸು. ಅದಕ್ಕೆ ಕಣ್ಣೂ ಇರತ್ತೆ.”

ಇಪ್ಪತ್ತು ದಿನ ಕಳೆದು ಅನುಮತಿ ಬಂತು, ಮಾವನ ಜೊತೆ ನಾನೂ ಹೊರಟೆ. ಕಾಡಿನ ದಾರಿ ಶುರುವಾಗುವಲ್ಲಿ ಪೊಲೀಸ್ ಚೌಕಿ. ಅಲ್ಲಿದ್ದ ಬಿಯುಂಗ್ ನಮ್ಮವನೇ, ಅವನ ತಾಯಿ ನಮ್ಮೂರಿನವಳು. ಅವನು ಅರ್ಜಿ ಬಿಡಿಸಿ ಓದಿದ. ಹುಬ್ಬು ಮೇಲೆ ಹೋಯಿತು.

“ಇದನ್ನ ಬರ್ದೋರು?”

“ನಾನು” ಎಂದೆ, ಎದೆ ಮುಂದೆ ಮಾಡಿ.

“ಅಕ್ಷರ ಚೆನ್ನಾಗಿದೆ.” ನಿಯಮದ ಪ್ರಕಾರ ಅವನು ಅದನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕು. ಆದರೆ ಬುನುನನಲ್ಲವೇ, ಆ ಖಾನೆಯ ಮೇಲೆ ಸುಮ್ಮನೆ ಬೆರಳಿಟ್ಟು ಮಾವನ ಕಡೆ ಹಿಡಿದ. “ಇದೇ ತಾನೆ ದೊಡ್ಡಪ್ಪ?”

ಮಾವ ಮುಖ ತಿರುಗಿಸಿಕೊಂಡರು. ಅವರಿಗೆ ಓದಲೂ ಬಾರದು. “ನಾವು ಸೌದೆಗೆ ಹೋಗ್ತಿದ್ದೀವಿ.”

“ಬಂದೂಕು ಯಾಕೆ?”

“ಸೌದೆ ಓಡಿಹೋದ್ರೆ?”

ಬಿಯುಂಗ್ ನಗು ನುಂಗಿ ಹೆಬ್ಬೆಟ್ಟು ಒತ್ತಿಸಿಕೊಂಡ. ಅಷ್ಟರಲ್ಲಿ ನನ್ನ ಮೂಗು ಕೆರೆಯತೊಡಗಿತು. ಹೊರಡುವಾಗ ಯಾರಾದರೂ ಸೀನಿದರೆ ಬೇಟೆ ಅಲ್ಲಿಗೇ ನಿಂತಿತು, ಮನೆಗೆ ಹಿಂದಿರುಗಬೇಕು. ಈ ಪದ್ಧತಿಯ ಬಗ್ಗೆ ನನ್ನದೇ ಒಂದು ಕರಪತ್ರದಲ್ಲಿ ಎರಡು ಪುಟ ಇದೆ. ಮೂಗು ಹಿಡಿದು, ಉಸಿರು ಕಟ್ಟಿ, ಸೀನನ್ನು ಒಳಕ್ಕೆ ನೂಕಿದೆ. ಕಣ್ಣಲ್ಲಿ ದಳದಳ ನೀರು. ಮಾವ ಬೆನ್ನು ತಟ್ಟಿದರು. “ಅಳ್ಬೇಡ್ವೋ. ನಾನೂ ಮೊದಲ್ನೇ ಸಲ ಅತ್ತಿದ್ದೆ.”

ಮೊದಲ ದಿನ ಏನೂ ಸಿಗಲಿಲ್ಲ, ಜಿಗಣೆಗಳಿಗೆ ನಾನು ಸಿಕ್ಕಿದ್ದು ಬಿಟ್ಟರೆ. ಮಾವ ನಡೆದರೆ ಎಲೆಯೂ ಅಲುಗದು. ನಾನು ನಡೆದರೆ ಮನೆ ಬದಲಿಸುವವರು ಪಾತ್ರೆ ಹೊತ್ತು ಹೋದ ಹಾಗೆ. ಕಾಡಿನ ಜೋಪಡಿಯಲ್ಲಿ ಮದ್ದು ತುಂಬುವಾಗ ನೋಡಿದರೆ ಅವರ ಹಳೆಯ ಪತ್ರಿಕೆ ತೊಯ್ದಿತ್ತು. ಚೀಲದಲ್ಲಿದ್ದ ನನ್ನ ಕರಪತ್ರ ಕೊಟ್ಟೆ.

“ಏನಿದೆ ಇದ್ರಲ್ಲಿ?”

“ಕಾಡಿನ ಒಡೆತನದ ಚರಿತ್ರೆ, ವಸಾಹತು ಆಡಳಿತ, ಆಮೇಲೆ...”

“ಕಾಗದ ದಪ್ಪಗಿದೆ” ಎಂದು ಮಾವ ಹರಿದು ಉಂಡೆ ಕಟ್ಟಿ ನಳಿಗೆಗೆ ತುರುಕಿದರು. ನನ್ನ ಬರಹ ಯಾರಿಗಾದರೂ ನೇರವಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಎರಡನೆಯ ದಿನ ಬೆಳಗ್ಗೆ ಹೊಳೆಯ ಮೇಲಿನ ಹುಲ್ಲುಬಯಲಲ್ಲಿ ಮಂಜು ಸರಿಯಿತು, ಅದರ ಹಿಂದೆ ಕಡವೆ ನಿಂತಿತ್ತು. ಗಂಡು. ಮೂವತ್ತು ಹೆಜ್ಜೆ ದೂರ. ಕುತ್ತಿಗೆಯ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ನಿಧಾನ ಮಂಡಿಯೂರಿ ಬಂದೂಕು ಎತ್ತಿದರು. ಒಂದು ವರ್ಷ ಕೋಸಿನ ಬದುವಿನ ಮೇಲೆ ಕೂತಿದ್ದ ಮುದುಕ ಅಲ್ಲಿರಲಿಲ್ಲ; ಬೇರೆ ಯಾರೋ ಇದ್ದರು, ನಾನು ಎಂದೂ ನೋಡಿರದ ಒಬ್ಬ ಮನುಷ್ಯ.

ಆಗ ನಾನು ಸೀನಿದೆ.

ನಿನ್ನೆಯಿಂದ ಕೂಡಿಟ್ಟ ಸೀನು. ಕಣಿವೆ ಅದನ್ನು ಎರಡು ಸಲ ಮರಳಿ ಸೀನಿತು. ಕಡವೆ ನೆಗೆದು ಕಾಡಿನೊಳಗೆ ಕರಗಿತು. ಮಾವ ಬಂದೂಕು ಇಳಿಸಿ ನನ್ನ ಕಡೆ ತಿರುಗಿದರು.

“ಒಂದು ಮಾತು ಕೇಳ್ಲಾ ಅಳಿಯ?”

“ಕೇಳಿ ಮಾವ.”

“ನೀನು ಸರ್ಕಾರದ ಕಡೆಯೋನಾ?”

ಮೂರನೆಯ ದಿನ ಅನುಮತಿಯ ಕೊನೆಯ ದಿನ. ಬರಿಗೈಯಲ್ಲಿ ಇಳಿಯುತ್ತಿದ್ದೆವು. ದಾರಿಯ ತಿರುವಿನಲ್ಲಿ ಒಂದು ಕಾಡುಕುರಿ ಹತ್ತೇ ಹೆಜ್ಜೆ ಮುಂದೆ ಬಂದು ನಿಂತಿತು. ನಾಯಿಯಷ್ಟು ಎತ್ತರದ ಪುಟ್ಟ ಜಿಂಕೆ, ಹೆಬ್ಬೆರಳುದ್ದದ ಕೊಂಬು. ಓಡಲಿಲ್ಲ. ಮಾವನನ್ನೇ ನೋಡಿತು. ಗುಂಡಿನ ಸದ್ದು ಕೇಳಿದ ಮೇಲೆಯೇ ಮಾವ ಹೊಡೆದರೆಂದು ನನಗೆ ತಿಳಿದದ್ದು. ಬಹುಶಃ ಅವರಿಗೂ.

“ಮಾವ! ಅರ್ಜೀಲಿ ಇದಿಲ್ಲ!”

“ಗೊತ್ತು” ಎಂದರು ಅವರು, ಮೆಲ್ಲಗೆ. “ಕೈಗೆ ಅರ್ಜಿ ಓದೋಕೆ ಬರಲ್ಲ ಕಣೋ.”

ಅದರ ಬಾಯಿಗೆ ಎರಡು ಹನಿ ನವಣೆ ಹೆಂಡ ಬಿಟ್ಟು, ಬೆಟ್ಟಕ್ಕೆ ಎರಡು ಹನಿ ಚೆಲ್ಲಿ, ಮಾವ ಅಲ್ಲೇ ಕೂತುಬಿಟ್ಟರು.

“ಇಲ್ಲೇ ಬಿಟ್ಟು ಹೋಗೋಣ” ಎಂದೆ.

“ಕೊಂದು ಬಿಟ್ಟು ಹೋಗೋದಾ? ಮತ್ತೆ ಯಾವ ಮುಖ ಹೊತ್ಕೊಂಡು ಇಲ್ಲಿಗೆ ಬರ್ಲಿ?”

“ಹೊಳೆ ದಾರೀಲಿ ಇಳಿದ್ರೆ ಚೌಕಿ ತಪ್ಪತ್ತೆ.”

“ನನ್ನಪ್ಪ ಈ ದಾರೀಲಿ ಹಾಡ್ಕೊಂಡು ಇಳೀತಿದ್ದ. ನಾನು ಕಳ್ಳನ ಥರ ಹೊಳೇಲಿ ನುಸೀಲಾ?”

ಆಗ ನನ್ನ ತ್ಯಾಗಬುದ್ಧಿ ಮತ್ತೆ ಉಕ್ಕಿತು. “ನಾನೇ ಹೊಡೆದೆ ಅಂತ ಒಪ್ಕೋತೀನಿ ಮಾವ. ಜೈಲಿಗೆ ಹೋಗ್ತೀನಿ. ಇಡೀ ದೇಶ ತಿರುಗಿ ನೋಡ್ಬೇಕು.”

“ಬಂದೂಕು ಯಾರ್ದು?”

“ನಿಮ್ದು.”

“ಹಂಗಾದ್ರೆ ಅವ್ರು ಯಾರ ಬಂದೂಕು ತಗೊಂಡ್ಹೋಗ್ತಾರೆ?”

ನಾನು ಬೆನ್ನ ಮೇಲಿನ ಬುಟ್ಟಿ ಕೆಳಗಿಳಿಸಿದೆ.

“ನಿನ್ನ ಭಾಷಣಕ್ಕೊಂದು ಕಥೆ ಸಿಗತ್ತೆ. ನನಗೆ ಬಂದೂಕೂ ಇಲ್ಲ, ಇದನ್ನ ಹೊರೋಕೆ ಅಳಿಯನೂ ಇಲ್ಲ. ಎತ್ಕೋ.”

ಹಣೆಪಟ್ಟಿಯ ಬುಟ್ಟಿಯಲ್ಲಿ ಅದನ್ನು ಹೊತ್ತು ಇಳಿದೆ. ಈಗ ನಾಚಿಕೆಯ ವಿಷಯ ಹೇಳಬೇಕು. ದಾರಿಯುದ್ದಕ್ಕೂ ನನ್ನ ತಲೆ ಒಳಗೊಳಗೇ ಹೇಳಿಕೆಯೊಂದನ್ನು ರಚಿಸುತ್ತಿತ್ತು. ಶೀರ್ಷಿಕೆಯೂ ಆಗಿತ್ತು: ‘ಒಂದು ಬಂದೂಕಿನ ಬಂಧನ’. ಎರಡನೆಯ ಪ್ಯಾರಾದಲ್ಲಿ ಎಲ್ಲಿ ಅಲ್ಪವಿರಾಮ ಎಂದು ಯೋಚಿಸುತ್ತಿದ್ದಾಗ ಮುಂದೆ ನೋಡಿದೆ. ಮಾವ ನಡೆಯುತ್ತಲೇ ಅಂಗಿಯ ತೋಳಿನಿಂದ ಬಂದೂಕಿನ ಹಿಡಿ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ಊರು ಬಿಟ್ಟು ಹೋಗುವ ಮಗುವಿನ ಮುಖ ಒರೆಸುವ ಹಾಗೆ. ನನ್ನ ಪ್ಯಾರಾ ಅಲ್ಲಿಗೇ ನಿಂತಿತು.

ಚೌಕಿಯಲ್ಲಿ ಬಿಯುಂಗ್ ಬುಟ್ಟಿಯ ಮೇಲಿನ ಜರೀಗಿಡ ಸರಿಸಿ ನೋಡಿದ. ಮಾವ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ತಾವೇ ಇಟ್ಟರು. ಬಿಯುಂಗ್ ಅರ್ಜಿ ತೆಗೆದ.

“ಬೇಟೆ ಮುಗೀತು, ಈಗ ಗಟ್ಟಿಯಾಗಿ ಓದ್ಬಹುದಲ್ವಾ ದೊಡ್ಡಪ್ಪ? ಅನುಮತಿ ಇರೋದು: ಸಕುತ್, ಎರಡು. ತಂದಿರೋದು: ಸಕುತ್, ಒಂದು. ಸರಿಯಾಗಿದೆ. ಇಲ್ಲಿ ಹೆಬ್ಬೆಟ್ಟು ಒತ್ತಿ.”

“ಏನು?” ಎಂದರು ಮಾವ.

ನಾನು ಸುಮ್ಮನಿರಬೇಕಿತ್ತು. ಓದುವ ಬಳಗದ ಚಾಳಿ, ತಪ್ಪು ಕಂಡರೆ ತಿದ್ದಲೇಬೇಕು. “ಇಲ್ಲ ಇಲ್ಲ, ಸಕುತ್ ಅಂದ್ರೆ ಇದಲ್ಲ, ಅದು ದೊಡ್ಡ...” ಎನ್ನುತ್ತ ಕೈಯನ್ನು ತಲೆಯ ಮೇಲೆತ್ತುವಷ್ಟರಲ್ಲಿ ಮಾವನ ಬೂಟು ನನ್ನ ಕಾಲ್ಬೆರಳ ಮೇಲೆ ಇಳಿಯಿತು. ಪೂರಾ ಭಾರ.

“ನಮ್ಮ ಹುಡುಗನಿಗೆ ಜಿಗಣೆ ಕಚ್ಚಿ ರಕ್ತ ಹೋಗಿದೆ” ಎಂದರು ಮಾವ ಬಿಯುಂಗನಿಗೆ. “ತಲೆ ತಿರುಗ್ತಿದೆ.”

“ಮೊನ್ನೇನೇ ಗೊತ್ತಾಯ್ತು” ಎಂದ ಬಿಯುಂಗ್. ಬಂದೂಕನ್ನು ಮಾವನ ಕಡೆ ಸರಿಸಿದ. “ಪಾಲು ನನಗೆ ಬೇಡ, ಕೆಲ್ಸದ ಮೇಲಿದ್ದೀನಿ. ಅಮ್ಮನ ಮನೆ ಗೊತ್ತಲ್ಲ, ಚರ್ಚಿನ ಹಿಂದೆ.”

ಸಕುತ್ ಎಂದರೆ ಕಾಡುಕುರಿ. ಕಡವೆಗೆ ಹನ್‌ವಾಂಗ್. ನೂಡಲ್ಸ್ ಅಂಗಡಿಯ ಮಹಡಿಯಲ್ಲಿ ಪಟ್ಟಿ ನಕಲು ಮಾಡುವಾಗ ನಾನು ಒಂದು ಸಾಲು ಕೆಳಗಿಳಿದಿದ್ದೆ. ಹನ್ನೆರಡು ವರ್ಷ ಆ ಸಾಲಿನಲ್ಲೇ ನಿಂತು ಘೋಷಣೆ ಕೂಗಿದ್ದೆ.

ದಾರಿಯಲ್ಲಿ ಇನ್ನೊಂದು ವಿಷಯ ಹೊಳೆಯಿತು. ಎರಡನೆಯ ದಿನ ನಾನು ಸೀನದೇ ಇದ್ದಿದ್ದರೆ ಮಾವ ಕಡವೆಯನ್ನು ಕೆಡವುತ್ತಿದ್ದರು, ಕಾಡುಕುರಿಯ ಅನುಮತಿ ಜೇಬಿನಲ್ಲಿಟ್ಟುಕೊಂಡು. ಅದನ್ನು ನೆನೆದು ಮೊದಲು ನಗು ಬಂತು, ಆಮೇಲೆ ಸಿಟ್ಟು. ಐವತ್ತು ವರ್ಷ ಆ ಕಣಿವೆ ನಡೆದ ಮನುಷ್ಯ. ಯಾವ ಪ್ರಾಣಿ ಯಾವ ತಿಂಗಳು ಮರಿ ಹಾಕುತ್ತದೆ, ಯಾವುದನ್ನು ಯಾವಾಗ ಮುಟ್ಟಬಾರದು ಎಂದು ಬಲ್ಲವನು. ಅವನ ಬೆಟ್ಟ ಉಳಿಯಬೇಕೋ ಹೋಗಬೇಕೋ ಎಂಬುದು ಅವನ ತಿಳಿವಿನ ಮೇಲೆ ನಿಂತಿರಲಿಲ್ಲ. ನನ್ನಂಥ ಒಬ್ಬ ಅರೆಬೆಂದವನು ಒಂದು ಖಾನೆಯಲ್ಲಿ ಏನು ಗೀಚಿದ ಎಂಬುದರ ಮೇಲೆ ನಿಂತಿತ್ತು. ಹೀಗೆ ಉಳಿದದ್ದನ್ನು ಗೆಲುವು ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಅಂಗಳದಲ್ಲಿ ಮಾವ ಮಾಂಸ ಪಾಲು ಮಾಡಿದರು. ಸಣ್ಣ ಪ್ರಾಣಿ, ಹದಿನಾಲ್ಕು ಮನೆ, ಒಂದೊಂದಕ್ಕೆ ಒಂದೊಂದು ಹಿಡಿ. ಚರ್ಚಿನ ಹಿಂದಿನ ಮನೆಗೆ ತೊಡೆಯ ತುಂಡು. ಪಾಲಿಗೆ ಬಂದವರಿಗೆಲ್ಲ ಮಾವ ಹೇಳಿದ್ದು ಬೇಟೆಯ ಕಥೆಯಲ್ಲ, ನನ್ನ ಕಥೆ. ನಕ್ಕು ನಕ್ಕು ಒಬ್ಬಾಕೆ ತನ್ನ ಪಾಲನ್ನೇ ಮರೆತು ಹೋದಳು.

ಆಗ ನೆನಪಾಯಿತು: ಮುಂದಿನ ವಾರದ ಮೆರವಣಿಗೆಗೆ ಆರು ಊರಿನ ಗೋಡೆಗಳ ಮೇಲೆ ನಾನೇ ಅಂಟಿಸಿದ್ದ ಭಿತ್ತಿಪತ್ರ. ಕವಲುಗೊಂಬಿನ ಭವ್ಯ ಕಡವೆ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಸಕುತ್ ನಮ್ಮದು!’

“ಅತ್ತೆ, ನೀವು ಚರ್ಚಿನಲ್ಲಿ ಓದೋದು ಕಲ್ತೋರು. ಗೋಡೆ ಮೇಲಿಂದು ನೋಡಿದ್ರಾ?”

“ನೋಡ್ದೆ.”

“ತಪ್ಪು ಅಂತ ಗೊತ್ತಾಯ್ತಾ?”

“ಎಲ್ರಿಗೂ ಗೊತ್ತಾಯ್ತಪ್ಪ. ನೀನು ಅಷ್ಟೊಂದು ಕೂಗಾಡ್ತಿದ್ದೆ, ಮಧ್ಯ ಹೆಂಗೆ ಬಾಯಿ ಹಾಕೋದು?”

ಮಾವ ಗಂಟಲು ಸರಿಮಾಡಿಕೊಂಡರು. “ಮುಂದಿನ ಅರ್ಜೀನೂ ನೀನೇ ಬರಿ. ನೀನು ಮನಸ್ಸಲ್ಲಿ ಒಂದು ಅಂದ್ಕೊಂಡೆ, ಕೈಯಲ್ಲಿ ಇನ್ನೊಂದು ಬರ್ದೆ. ಬೆಟ್ಟಕ್ಕೂ ಗೊಂದಲ, ಪ್ರಾಣಿಗೂ ಗೊಂದಲ, ಕಚೇರಿಗೂ ಗೊಂದಲ. ಅದಕ್ಕಿಂತ ಒಳ್ಳೇ ಅರ್ಜಿ ಇಲ್ಲ. ನಮ್ಮ ಭಾಷೆ ಮಾತ್ರ ಕಲೀಬೇಡ.”

“ಸುಮ್ನಿರಿ ನೀವು” ಎಂದ ಅತ್ತೆ, ನನ್ನ ಮುಂದೆ ಬಟ್ಟಲು ಹಿಡಿದು, ಹಾಕುವ ಮೊದಲು ಯಕೃತ್ತಿನ ತುಂಡಿದ್ದ ಸೌಟನ್ನು ಅಲ್ಲೇ ತಡೆದರು. “ಈಲಿ ಇದು. ನಮ್ಮ ಮಾತಲ್ಲಿ ಏನಂತಾರೆ, ಹೇಳು.”

ಹೇಳಿದೆ. ಅಂಗಳದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹೇಳಿದ್ದು ಮೊಣಕಾಲಿನ ಹೆಸರಂತೆ. ಅತ್ತೆ ಸರಿಯಾದದ್ದನ್ನು ಹೇಳಿಕೊಟ್ಟರು, ಮೂರು ಸಲ ಹೇಳಿಸಿದರು, ಆಮೇಲೆ ಹಾಕಿದರು. ಎಲುಬಿಗೆ ಒಂದು ಪದ, ಸಾರಿಗೆ ಒಂದು ಪದ, ಉಪ್ಪಿಗೆ ಒಂದು ಪದ. ಬಟ್ಟಲು ತುಂಬುವಷ್ಟರಲ್ಲಿ ಸಾರು ಆರಿಹೋಗಿತ್ತು.

ಮಾವ ಹೊಸ್ತಿಲ ಬಳಿ ಕೂತು, ಕುದಿಯುವ ನೀರು ಹೊಯ್ದು ನಳಿಗೆ ತೊಳೆಯತೊಡಗಿದರು. ಮಸಿ ಬೆರೆತ ಕಪ್ಪು ನೀರು ಮೆಟ್ಟಿಲಿಳಿದು ಅಂಗಳದ ಮಣ್ಣಿಗೆ ಹರಿಯಿತು. ನೀರು ತಿಳಿಯಾಗುವವರೆಗೂ ಅವರು ತೊಳೆದರು.