ದನಗಳ ನಡುವೆ ಕೂತವನು

ಉಚ್ಚಂಗೆಮ್ಮನ ಅಪ್ಪ ಸಾರಾಯಿ ಕುಡಿದೂ ಕುಡಿದೂ ಕಾಮಾಲೆಯಾಗಿ ಸತ್ತವನು. ಬದುಕಿದ್ದಷ್ಟು ದಿನ ಅವಳ ಅವ್ವನನ್ನು ಹೊಡೆಯದ ವಾರ ಇರಲಿಲ್ಲ. ಹಾಗಾಗಿ ತಳಕಿನ ಹತ್ತಿರದ ಹಟ್ಟಿಗೆ ಸೊಸೆಯಾಗಿ ಬಂದವಳಿಗೆ, ಗಂಡ ದೊಡ್ಡೀರಪ್ಪ ಕುಡಿಯುವವನಲ್ಲ, ಗಾಂಜಾ ಸೇದುವವನು ಎಂದು ಗೊತ್ತಾದಾಗ ಅಳು ಬರಲಿಲ್ಲ, ನೆಮ್ಮದಿಯಾಯಿತು. ಅವನು ದನ ಕಾಯುವವನು. ಸಂಜೆ ದನಗಳನ್ನು ಕೊಟ್ಟಿಗೆಗೆ ಕೂಡಿ, ಕಟ್ಟೆ ಮೇಲೆ ಕೂತು ಚಿಲುಮೆ ಎಳೆದನೆಂದರೆ ಯಾರ ತಂಟೆಗೂ ಹೋಗುತ್ತಿರಲಿಲ್ಲ. ಇಟ್ಟದ್ದನ್ನು ಉಂಡು ಮಲಗುತ್ತಿದ್ದ.

ಮೈದುನ ಮಾರುತೇಶ ಚಳ್ಳಕೆರೆಗೆ ಟೆಂಪೋ ಓಡಿಸುತ್ತಿದ್ದ. ಅವನದು ಸಾರಾಯಿ ಪ್ಯಾಕೆಟ್ಟು. ಅಣ್ಣ ತಮ್ಮ ಉಣ್ಣಲು ಕೂತರೆ ಇದೇ ವಾದ.

"ನಂದಕ್ಕೆ ಸರ್ಕಾರವೇ ಅಂಗಡಿ ಕೊಟ್ಟೈತೆ ಅಣ್ಣ. ನಿನ್ನ ಸೊಪ್ಪಿಗೆ ಪೊಲೀಸ್ನೋರು ಬರ್ತಾರೆ. ಯಾವ್ದು ಕೆಟ್ಟದ್ದು ಅಂತ ಇದ್ರಾಗೇ ಗೊತ್ತಾಗಲ್ವಾ?"

"ಸರ್ಕಾರ ಹೇಳಿದ್ರೆ ಆಗೋಯ್ತೇನ್ಲೇ? ಸೊಪ್ಪು ಸೇದಿ ಹೆಂಡ್ತಿ ಹಲ್ಲು ಉದುರಿಸಿದೋನ್ನ ಒಬ್ಬನ್ನ ತೋರ್ಸು."

ಉಚ್ಚಂಗೆಮ್ಮ ಮುದ್ದೆ ಬಡಿಸುತ್ತಾ ಗಂಡನ ಕಡೆಗೇ ವಾಲುತ್ತಿದ್ದಳು. ಎದುರುಮನೆಯ ನಿಂಗಕ್ಕ ಮಾತ್ರ ಒಪ್ಪುತ್ತಿರಲಿಲ್ಲ. ಬೈರಾಗಿಗಳ ಜೊತೆ ಸೇರಿ ಸೇದಲು ಕಲಿತ ಅವಳ ಅಣ್ಣ ಬುದ್ಧಿ ಕೆಟ್ಟು ಎಲ್ಲಿಗೋ ಹೋದವನು ತಿರುಗಿ ಬಂದಿರಲಿಲ್ಲ. "ಕುಡಿದೋನು ಮನೆಗೆ ಜಗಳ ತರ್ತಾನೆ. ಸೇದಿದೋನು ಮನೇಲಿ ಕೂತಿದ್ರೂ ಮನೇಲಿರಲ್ಲ ಕಣವ್ವ" ಅನ್ನುತ್ತಿದ್ದಳು.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಬೇಸಿಗೆಯಿಂದ ದೊಡ್ಡೀರಪ್ಪ ಬೆಳಗ್ಗೆಯೂ ಸೇದತೊಡಗಿದ. ಗೋಡೆಯಾಚೆ ಯಾರೋ ತನ್ನ ಸುದ್ದಿ ಮಾತಾಡುತ್ತಾರೆ ಅಂದ. ಒಂದು ದಿನ ಸಾರು ಮೂಸಿ ನೋಡಿ, "ಇದಕ್ಕೇನು ಹಾಕಿದ್ದೀಯಾ?" ಎಂದು ತಟ್ಟೆ ಸರಿಸಿ ಎದ್ದ. ಸುಸ್ತಾಗಿರಬೇಕು, ನಿದ್ದೆ ಸಾಲದು ಎಂದು ಉಚ್ಚಂಗೆಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊಡೆಯುವುದಿಲ್ಲವಲ್ಲ, ಅಷ್ಟು ಸಾಕು.

ದೀಪಾವಳಿ ಕಳೆದ ಮೇಲೆ ಒಂದು ದಿನ ಹೊತ್ತು ಇಳಿಯುತ್ತಾ ಬಂದರೂ ದನ ಬರಲಿಲ್ಲ. ಅವು ಮೇಯುವ ಕುದಾಪುರದ ಹುಲ್ಲುಗಾವಲಿನ, ಆ ಕಾವಲಿನ ಕಡೆ ಧೂಳೂ ಏಳಲಿಲ್ಲ. ಉಚ್ಚಂಗೆಮ್ಮ ಮಾರುತೇಶನನ್ನು ಕರೆದಳು.

"ಟೆಂಪೋ ತೆಗೀತೀನಿ ಅತ್ಗೆ."

ಅವನ ಬಾಯಿ ವಾಸನೆ ಅವಳ ಮೂಗಿಗೆ ಹೊಡೆಯಿತು. "ಕುಡಿದೀಯ. ನೀನು ಓಡಿಸ್ಬೇಡ. ನಡ್ಕೊಂಡೇ ಹೋಗಾನ."

ಹುಲ್ಲು ಬಲಿತು ಮೊಣಕಾಲಿಗೆ ಬಂದಿತ್ತು. ಕಣ್ಣು ಹೋದಷ್ಟು ದೂರವೂ ಅದೇ ಹುಲ್ಲು, ಇಳಿಬಿಸಿಲಿಗೆ ಹೊಂಬಣ್ಣ. ಕೂಗಿದರೆ ಉತ್ತರವಿಲ್ಲ. ಒಂದು ದಿಬ್ಬ ಹತ್ತಿದವರೇ ಇಬ್ಬರೂ ಹಾಗೇ ನಿಂತರು.

ಕೆಳಗೆ ತಗ್ಗಿನಲ್ಲಿ ದನಗಳೆಲ್ಲ ಒಂದು ಸುತ್ತು ಕಟ್ಟಿ ನಿಂತಿದ್ದವು. ಬಾಲ ಒಳಗೆ, ಕೊಂಬು ಹೊರಗೆ. ಒಂದೂ ಮೇಯುತ್ತಿರಲಿಲ್ಲ, ಕೊರಳ ಗಂಟೆಯ ಸದ್ದೂ ಇರಲಿಲ್ಲ. ಆಚೆ, ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ ಮೂರು ತೋಳ ಕೂತಿದ್ದವು. ಸುತ್ತಿನ ನಡುವೆ ದೊಡ್ಡೀರಪ್ಪ ಕಾಲು ಚಾಚಿ ಕೂತು, ಕಾಣದ ಯಾರ ಜೊತೆಗೋ ಮಾತಾಡುತ್ತಾ ನಗುತ್ತಿದ್ದ. ಅವನ ಪಕ್ಕದಲ್ಲಿ ಆಗ ತಾನೇ ಹುಟ್ಟಿದ ಕರು. ತಾಯಿ ಹಸು ಕರುವನ್ನು ನೆಕ್ಕುತ್ತಿತ್ತು, ಮತ್ತೆ ಅದೇ ನಾಲಿಗೆಯಿಂದ ಅವನ ಹೆಗಲನ್ನು ನೆಕ್ಕುತ್ತಿತ್ತು.

ಉಚ್ಚಂಗೆಮ್ಮನಿಗೆ ಉಸಿರು ಬಿಡಲೂ ಅಂಜಿಕೆಯಾಯಿತು. ದಿನಾ ಹಾಲು ಕರೆದ, ಸಗಣಿ ಬಾಚಿದ, ಮಾತು ಕೇಳದಿದ್ದಾಗ ಬೈದ ದನಗಳು ಇವೇನಾ? ಇವುಗಳೊಳಗೆ ಇದೆಲ್ಲ ಎಲ್ಲಿತ್ತು? ಪಕ್ಕದಲ್ಲಿ ಮಾರುತೇಶ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಿದ್ದ.

ಅವರು ಇಳಿಯತೊಡಗಿದಾಗ ತೋಳಗಳು ಎದ್ದು, ಏನೂ ಅವಸರವಿಲ್ಲದೆ ಹುಲ್ಲಿನೊಳಗೆ ಸರಿದು ಹೋದವು. ದನ ಕದಲಲಿಲ್ಲ. ಮುಂದಿದ್ದ ಕೆಂದಿ ಹಸು ಬುಸುಗುಟ್ಟಿ ಕೊಂಬು ತಗ್ಗಿಸಿತು. ಉಚ್ಚಂಗೆಮ್ಮ ಕೈ ಚಾಚಿ, "ನಾನು ಕಣೇ" ಅಂದಳು. ಕೆಂದಿ ಕೈ ಮೂಸಿತು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ದೊಡ್ಡೀರಪ್ಪ ಮುಖವೆತ್ತಿ ನೋಡಿದ. "ಯಾರವ್ವಾ ನೀನು? ಯಾವೂರು?"

ಅವಳು ಅವನ ಕೈ ಹಿಡಿದು ಎಬ್ಬಿಸಿದಳು. ಮಾರುತೇಶ ಕರುವನ್ನು ಹೆಗಲಿಗೇರಿಸಿದ. ಹಟ್ಟಿ ಮುಟ್ಟುವ ತನಕ ದನಗಳು ಅವರನ್ನು ನಡುವೆ ಇಟ್ಟುಕೊಂಡೇ ನಡೆದವು.

ಚಳ್ಳಕೆರೆಯಲ್ಲಿ ತೋರಿಸಿದರು, ಅಲ್ಲಿಂದ ದಾವಣಗೆರೆಗೆ ಕಳಿಸಿದರು. ತಲೆಯ ಕಾಯಿಲೆ ನೋಡುವ ಡಾಕ್ಟರಮ್ಮ ಎಲ್ಲ ಕೇಳಿ, ಇನ್ನು ಸೊಪ್ಪು ಮುಟ್ಟಲೇಬಾರದು ಅಂದಳು. ಮಾರುತೇಶ ಅಲ್ಲಿಯೂ ಬಿಡಲಿಲ್ಲ. "ಎರಡ್ರಾಗೆ ಯಾವ್ದು ಕೆಟ್ಟದ್ದು ಹೇಳ್ರಿ ಮೇಡಂ."

"ಸೊಪ್ಪು ಸೇದಿದ ಎಲ್ಲರಿಗೂ ಹೀಗಾಗಲ್ಲಪ್ಪ. ಆದರೆ ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೆ ನನಗೂ ಬರಲ್ಲ. ಕುಡಿತದಿಂದ ಲಿವರ್ ಹೋದವರನ್ನ ನೋಡ್ಬೇಕಂದ್ರೆ ಪಕ್ಕದ ವಾರ್ಡಿಗೆ ಹೋಗು." ಆಮೇಲೆ ಅವನ ಮುಖವನ್ನೇ ನೋಡಿದಳು. "ಇಲ್ಲಿ ಬಾ, ಬೆಳಕಿಗೆ. ಕಣ್ಣು ಹಳದಿಯಾಗಿದೆಯಲ್ಲ."

ಅಪ್ಪನ ಕಣ್ಣು ನೆನಪಾಗಿ ಉಚ್ಚಂಗೆಮ್ಮ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದಳು.

ದೊಡ್ಡೀರಪ್ಪ ಬೇಗ ಹುಷಾರಾಗಲಿಲ್ಲ. ಮಾತ್ರೆ ನುಂಗಿ ಮಂಕಾಗಿ ಕೂರುವನು, ಸೊಪ್ಪು ಬೇಕೆಂದು ಹಟ ಹಿಡಿಯುವನು. ಮುಂಗಾರಿನ ಹೊತ್ತಿಗೆ ಗೋಡೆಯಾಚೆಯ ಮಾತು ನಿಂತಿತು. ಮಾರುತೇಶ ಕೆಲವು ವಾರ ಕುಡಿಯುವುದಿಲ್ಲ, ಮತ್ತೆ ಕುಡಿಯುತ್ತಾನೆ. ಹಟ್ಟಿಯಲ್ಲಿ ಈಗ ಬೇರೆ ವಾದ. ದನ ನಿಂತದ್ದು ಕರುವಿಗಾಗಿ ಎಂದು ಮಾರುತೇಶ, ಮನುಷ್ಯನಿಗಾಗಿ ಎಂದು ನಿಂಗಕ್ಕ.

ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ದನದ ಜೊತೆ ಕಾವಲಿನಲ್ಲಿದ್ದಾಗ ಅವನು ಕೇಳಿದ, "ಅವತ್ತು ನಾನು ಹೆದರಿದ್ನಾ?"

"ಇಲ್ಲ. ನಗ್ತಿದ್ದೆ. ಹೆದರಿದ್ದು ನಾನು."

"ತೋಳಕ್ಕಾ?"

"ತೋಳಕ್ಕಲ್ಲ. ಇವುಗಳನ್ನ ನೋಡಿ."

ಅವನು ಬಹಳ ಹೊತ್ತು ದನಗಳನ್ನೇ ನೋಡಿದ. ಆಮೇಲೆ ಎದ್ದು ಕೆಂದಿಯ ಹತ್ತಿರ ಹೋಗಿ ಕೈ ಚಾಚಿದವನು, ಮುಟ್ಟಲು ಧೈರ್ಯ ಸಾಲದೆ ಹಾಗೇ ನಿಂತ. ಕೆಂದಿ ತನ್ನ ಪಾಡಿಗೆ ತಾನು ಮೇಯುತ್ತಿತ್ತು.