ಮುಂದಿನ ಗಂಟೆಯವರೆಗೆ

ಶಿವರತ್ನಮ್ಮನಿಗೆ ನಿದ್ದೆ ಇರಲಿಲ್ಲ. ಸಂಬಳವಿತ್ತು, ಸೋರದ ಬಾಡಿಗೆ ಮನೆಯಿತ್ತು, ಚಾಮರಾಜನಗರದ ಕಚೇರಿಯಿಂದ ಭಾನುವಾರ ತಪ್ಪದೆ ಬಂದುಹೋಗುವ ಗಂಡನಿದ್ದ, ಹಲ್ಲು ಬರುತ್ತಿದ್ದ ಮಗಳಿದ್ದಳು. ನಿದ್ದೆಯೊಂದು ಇರಲಿಲ್ಲ. ಗಣಿತದ ಪರೀಕ್ಷೆಯ ಬೆಳಿಗ್ಗೆ, ಕೊಳ್ಳೇಗಾಲದ ಹೈಸ್ಕೂಲಿನ ಮೂಲೆಯ ಕೋಣೆಯಲ್ಲಿ ಉತ್ತರದ ಹಾಳೆ ಹಂಚುವಾಗ ಒಬ್ಬನೇ ಹುಡುಗನಿಗೆ ಎರಡು ಸಲ ಕೊಟ್ಟಳು.

"ಒಂದ್ನ ತುಂಬ್ಸಕ್ಕೇ ನಂಗೆ ಬರಾದಿಲ್ಲ ಮಿಸ್, ಇನ್ನೊಂದ ತಕಂಡು ಏನ್ ಮಾಡ್ಲಿ?" ಎಂದ ಅವನು. ಕೋಣೆಯೆಲ್ಲ ನಕ್ಕಿತು.

ಅವಳೂ ನಗಬೇಕೆಂದುಕೊಂಡಳು. ತುಟಿ ಅರಳಲಿಲ್ಲ. ರಾತ್ರಿಯಿಡೀ ಮಗು ಒಸಡು ಕಡಿಯುತ್ತ ಅತ್ತಿತ್ತು. ಅದಕ್ಕೂ ಮುಂಚಿನ ರಾತ್ರಿಯೂ ಅಷ್ಟೇ.

ಅವಳು ಕನ್ನಡದ ಟೀಚರು. ಗಣಿತದ ದಿನ ಬೇರೆ ವಿಷಯದವರು ಕಾವಲಿರಬೇಕೆಂಬ ನಿಯಮದಿಂದ ಈ ಕೋಣೆ ಅವಳ ಪಾಲಿಗೆ ಬಂದಿತ್ತು. ಕಿಟಕಿಯ ಸಾಲಿನಲ್ಲಿ ಮುಡಿಗುಂಡದ ಪುಟ್ಟಮಲ್ಲಮ್ಮ ಕೂತಿದ್ದಳು. ಅವಳ ಕ್ಲಾಸಿನ ಹುಡುಗಿ. ಬೆಳಗಿನ ಕ್ಲಾಸಿನ ಹುಡುಗಿ ಕೂಡ.

ಬೆಳಗಿನ ಕ್ಲಾಸು ಶಿವರತ್ನಮ್ಮನೇ ಹುಟ್ಟುಹಾಕಿದ್ದು. ಹೋದ ವರ್ಷ, ಅರವತ್ತೇಳರಲ್ಲಿ, ಎಸ್ಸೆಸ್ಸೆಲ್ಸಿಗೆ ಕೂತ ಹೆಣ್ಣುಮಕ್ಕಳಲ್ಲಿ ಪಾಸಾದವಳು ಒಬ್ಬಳೇ. ಗಣಿತದ ವೃಷಭೇಂದ್ರಪ್ಪ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಾಫಿ ಆರಿಸಿಕೊಳ್ಳುತ್ತ, "ಶಿವರತ್ನಮ್ಮೋರೆ, ಜಡೆ ಹೆಣಿಯಾದ್ಕೆ ಒಂದ್ ಪೇಪರ್ ಮಡುಗಿದ್ರೆ ನಿಮ್ಮ ಹೆಣ್ಣೈಕ್ಳೆಲ್ಲ ಫಸ್ಟ್ ಕ್ಲಾಸು" ಎಂದಿದ್ದರು. ಆ ಮಾತು ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ದೀಪಾವಳಿ ಕಳೆದದ್ದೇ ಕತ್ತಲಿರುವಾಗಲೇ ಸ್ಕೂಲಿನ ಜಗಲಿಯಲ್ಲಿ ಲಾಟೀನು ಹಚ್ಚಿ ಪಾಠ ಶುರುಮಾಡಿದಳು. ಗಣಿತವನ್ನು ತಾನೇ ಹಿಂದಿನ ದಿನ ಕಲಿತು ಮಾರನೆಯ ದಿನ ಹೇಳಿಕೊಡುತ್ತಿದ್ದಳು. ಮಗು ಅತ್ತೆಯ ಮಗ್ಗುಲಲ್ಲಿ ಅಳುತ್ತಿತ್ತು.

ಪುಟ್ಟಮಲ್ಲಮ್ಮ ಆ ಕ್ಲಾಸಿಗೂ ಎಷ್ಟೋ ಮುಂಚೆ ಏಳಬೇಕಿತ್ತು. ಅವರದು ರೇಷ್ಮೆ ಮಾಡುವ ಮನೆ. ಎದ್ದು, ಹುಳುವಿಗೆ ಸೊಪ್ಪು ಹಾಕಿ, ಹೊಲಕ್ಕೆ ಹೊರಟ ಹೆಂಗಸರ ಜೊತೆ ನಡೆದು ಬರುತ್ತಿದ್ದಳು. ಸಂಕ್ರಾಂತಿ ಸುಮಾರಿಗೆ ಒಂದು ದಿನ ಜಗಲಿಯ ಕಂಬಕ್ಕೆ ಒರಗಿ ತೂಕಡಿಸಿದಳು. ಶಿವರತ್ನಮ್ಮ ಅವಳನ್ನು ಎಬ್ಬಿಸಿ ನಿಲ್ಲಿಸಿದಳು.

"ನಿದ್ದೆ ಬೇಕಾದ್ರೆ ಮದುವೆ ಮಾಡ್ಕೊಂಡು ಮಲಕ್ಕೋ ಹೋಗು. ಇಲ್ಲಿಗ್ಯಾಕೆ ಬರ್ತೀಯ?"

ಹುಡುಗಿಯರು ನಕ್ಕರು. ಪುಟ್ಟಮಲ್ಲಮ್ಮ ಬೆಳಗಾಗುವವರೆಗೂ ನಿಂತೇ ಲೆಕ್ಕ ಮಾಡಿದಳು. ಆಮೇಲೆ ಅವಳು ಯಾವತ್ತೂ ತೂಕಡಿಸಲಿಲ್ಲ. ಅವಳ ಎಡಗೈ ಮಣಿಕಟ್ಟಿನ ಮೇಲೆ ಮಾತ್ರ ಹಲ್ಲಿನ ಗುರುತು ಕಾಣತೊಡಗಿತು. ನಿದ್ದೆ ಬಂದಾಗೆಲ್ಲ ಕಚ್ಚಿಕೊಳ್ಳುತ್ತಾಳೆ ಎಂದು ಅವಳ ಜೊತೆಗಾತಿ ಸೋಮಮ್ಮ ಹೇಳಿದಳು. ಶಿವರತ್ನಮ್ಮ ಆಗ ಅದನ್ನು ಶ್ರದ್ಧೆ ಅಂದುಕೊಂಡಳು.

ಪರೀಕ್ಷೆ ಹತ್ತಿರ ಬಂದಾಗ ಅವಳು ಮುಡಿಗುಂಡಕ್ಕೇ ಹೋಗಿ ಹುಡುಗಿಯ ಅಪ್ಪನನ್ನು ಕಂಡಿದ್ದಳು. ಕೆಂಪನಂಜಪ್ಪ ಜಗಲಿಗೆ ಚಾಪೆ ಹಾಸಿಸಿ, ನೀರು ಬೆಲ್ಲ ಕೊಡಿಸಿ, ಮಾತನ್ನು ನೇರವಾಗಿಯೇ ಆಡಿದ.

"ಒಂದೇ ಏಟ್ಗೆ ಪಾಸಾಗ್ಬುಡ್ಲಿ ಮೇಷ್ಟ್ರಮ್ಮ. ಟೀಚರ್ ಟ್ರೇನಿಂಗ್‌ಗೆ ನಾನೇ ಮೈಸೂರ್ಗೆ ಕರ್ಕಂಡೋಗಿ ಬುಟ್ಟು ಬತ್ತೀನಿ. ಎಲ್ಡ್ ಮಾತಿಲ್ಲ. ಫೇಲಾದ್ರೆ ಮಾತ್ರ ನನ್ನ ಕೇಳ್ಬ್ಯಾಡಿ. ಸತ್ತೇಗಾಲ್ದಲ್ಲಿ ಅವ್ಳ ಸ್ವಾದರ್ಮಾವ ಕಾಯ್ಕಂಡು ಕೂತವ್ನೆ. ಅವ್ನ್ಗೂ ವಯಸ್ಸಾಯ್ತಾ ಅದೆ."

"ಪಾಸಾಗ್ತಾಳೆ. ಪರೀಕ್ಷೆ ಮುಗಿಯೋವರೆಗೆ ಹುಳ ಮಾತ್ರ ಮಾಡಬೇಡಿ, ಅಷ್ಟು ಸಾಕು."

"ಆಯ್ತು ಬುಡಿ, ಓದೋ ಕೂಸ್ಗಿಂತ ಹುಳ ಎಚ್ಚಾ?" ಎಂದಿದ್ದ.

ಆದರೆ ಪರೀಕ್ಷೆಗೆ ಮುಂಚೆಯೇ ಮುಗಿಯಬೇಕಿದ್ದ ಬೆಳೆಗೆ ಕೇಳಿದ್ದ ಹುಳುವಿನ ಮೊಟ್ಟೆ ತಡವಾಗಿ ಬಂತು. ಬಂದ ಮೊಟ್ಟೆಯನ್ನು ಬಿಸಾಡುವವರು ಯಾರು? ಗಣಿತದ ಪರೀಕ್ಷೆಯ ಹೊತ್ತಿಗೆ ಹುಳುಗಳು ಕೊನೆಯ ಸಲ ಪೊರೆ ಬಿಟ್ಟು, ಜ್ವರದಿಂದ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ವಾರ ಅವು ಹಗಲು ರಾತ್ರಿ ಮೇಯುತ್ತವೆ. ಮನೆಯವರು ಯಾರೂ ಮಲಗುವ ಹಾಗಿಲ್ಲ.

ಪರೀಕ್ಷೆ ಮೂರು ತಾಸು, ತಾಸಿಗೊಮ್ಮೆ ಗಂಟೆ. ಮೊದಲ ಗಂಟೆ ಬಾರಿಸುವವರೆಗೂ ಪುಟ್ಟಮಲ್ಲಮ್ಮ ತಲೆ ಎತ್ತದೆ ಬರೆದಳು. ಶಿವರತ್ನಮ್ಮ ಸಾಲುಗಳ ನಡುವೆ ಓಡಾಡುತ್ತಿದ್ದಳು. ಒಂದು ಸುತ್ತು ಮುಗಿಸಿ ತಿರುಗಿದಾಗ ಹುಡುಗಿಯ ಪೆನ್ನು ನಿಂತಿತ್ತು. ಕೆನ್ನೆ ಉತ್ತರದ ಹಾಳೆಯ ಮೇಲಿತ್ತು.

ಹತ್ತಿರ ಹೋಗಿ ನೋಡಿದಳು. ಮಾಡಿದ ಲೆಕ್ಕಗಳು ಸರಿಯಾಗಿದ್ದವು. ಅಂಕಿಗಳು ಸಾಲು ತಪ್ಪದೆ ಕೂತಿದ್ದವು. ಎಬ್ಬಿಸಬೇಕೆಂದು ಭುಜದ ಹತ್ತಿರ ಕೈ ಒಯ್ದಳು. ಮಣಿಕಟ್ಟಿನ ಗುರುತು ಕಣ್ಣಿಗೆ ಬಿತ್ತು. ಹಳೆಯದರ ಮೇಲೆ ಹೊಸದು, ಇನ್ನೂ ಕೆಂಪಗಿತ್ತು. ಕೈ ಅಲ್ಲೇ ನಿಂತಿತು.

ಯಳಂದೂರಿನ ಕಡೆಯ ಶಿವರತ್ನಮ್ಮನ ತವರೂ ರೇಷ್ಮೆಯ ಮನೆಯೇ. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದನ್ನೇ ಜ್ವರಕ್ಕೆ ಕೂತಿದೆ ಅನ್ನುವುದು. ಆಗ ಹುಳು ಸಾಕುವ ಬಿದಿರ ತಟ್ಟೆ ಮುಟ್ಟಬಾರದು, ಸೊಪ್ಪು ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು. ಅವಳ ಅವ್ವ ಹುಳಮನೆಯ ಕಿಟಕಿಗೆ ಗೋಣಿ ಇಳಿಬಿಟ್ಟು, ಮಕ್ಕಳನ್ನು ಕಣ್ಣಲ್ಲೇ ಆಚೆ ಕಳಿಸುತ್ತಿದ್ದಳು. ಕೂತ ಹುಳುವನ್ನು ಎಬ್ಬಿಸಿದರೆ ಕೆಡುತ್ತದೆ, ತಾನಾಗಿ ಎದ್ದದ್ದು ಚೆನ್ನಾಗಿ ಮೇಯುತ್ತದೆ. ಓದು ಬರದ ವಯಸ್ಸಿನಿಂದಲೇ ಶಿವರತ್ನಮ್ಮನ ಮೈಗೆ ಹತ್ತಿದ್ದ ಪಾಠ ಅದು.

ಮುಂದಿನ ಗಂಟೆಯವರೆಗೆ ಮಲಗಲಿ, ಅಂದುಕೊಂಡಳು. ಆಮೇಲೂ ಬೇಕಾದಷ್ಟು ಹೊತ್ತು ಉಳಿಯುತ್ತದೆ. ಲೆಕ್ಕ ಬರುತ್ತದೆ, ತಲೆ ಹಗುರಾದರೆ ಬೇಗ ಬೇಗ ಮಾಡಿಬಿಡುತ್ತಾಳೆ. ಆವತ್ತು ತಾನು ಅವಳನ್ನು ಜಗಲಿಯಲ್ಲಿ ನಿಲ್ಲಿಸಿದ್ದೂ ನೆನಪಾಯಿತು. ಹುಡುಗಿಯ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ಸದ್ದಾಗದ ಹಾಗೆ ಕಿಟಕಿಯ ಬಾಗಿಲು ಎಳೆದಳು.

ಕೋಣೆ ತಂಪಾಯಿತು. ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ನಲವತ್ತು ಪೆನ್ನುಗಳು ಕಾಗದ ಕೆರೆಯುವ ಸದ್ದು. ಕೊನೆಯ ವಾರದಲ್ಲಿ ಹುಳುಗಳು ಸೊಪ್ಪು ಮೇಯುವಾಗ ಇದೇ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಮಗುವಿಗೆ ಹಾಲು ಕುಡಿಸುವ ಹೊತ್ತಾಯಿತು ಎಂದು ಎದೆ ಬಿಗಿಯುತ್ತಿತ್ತು. ಗಂಟೆ ಹೊಡೆದ ಕೂಡಲೇ ಎಬ್ಬಿಸಬೇಕು, ಎಂದು ಇನ್ನೊಮ್ಮೆ ಹೇಳಿಕೊಂಡಳು. ಅಷ್ಟೇ ಅವಳಿಗೆ ನೆನಪಿದ್ದದ್ದು.

ಉಳಿದದ್ದನ್ನು ಆಮೇಲೆ ಸೋಮಮ್ಮ ಅಳುತ್ತ ಹೇಳಿದಳು. ಗಂಟೆ ಹೊಡೆಯಿತು. ಹಾಳೆ ಕಟ್ಟಿಕೊಳ್ಳಿ ಎಂಬ ಎಚ್ಚರಿಕೆಯ ಗಂಟೆಯೂ ಹೊಡೆಯಿತು. ಮಿಸ್ಸಿನ ಕತ್ತು ಎದೆಗೆ ಬಿದ್ದದ್ದು ಕಂಡ ಕೂಡಲೇ ಹಿಂದಿನ ಬೆಂಚಿನವರು ಹಾಳೆ ಬದಲಾಯಿಸಿಕೊಳ್ಳತೊಡಗಿದರು. ಇಡೀ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಸೋಮಮ್ಮ ಒಮ್ಮೆ "ಪುಟ್ಟೀ" ಎಂದು ಕರೆದಳಂತೆ. ಎರಡು ಹಾಳೆ ಸಿಕ್ಕಿದ್ದ ಆ ಹುಡುಗ ಹಲ್ಲು ಕಚ್ಚಿಕೊಂಡು, "ಸುಮ್ಕಿರಮ್ಮಿ, ಮಿಸ್ ಎದ್ಬುಟ್ರೆ ಎಲ್ರ ಮನೇನೂ ಆಳಾಯ್ತದೆ" ಎಂದ. ಸೋಮಮ್ಮನ ಮುಂದೆಯೂ ಆಗ ಬೇರೆಯವರ ಹಾಳೆಯಿತ್ತು. ಅವಳು ತಲೆ ತಗ್ಗಿಸಿದಳು.

ಎಬ್ಬಿಸಿದ್ದು ಪರೀಕ್ಷೆಯ ಮುಖ್ಯಸ್ಥರಾಗಿ ಬೇರೆ ಊರಿಂದ ಬಂದಿದ್ದ ಹಿರಿಯರು.

"ಏನಮ್ಮ ಇದು? ಛತ್ರ ಅಂದ್ಕೊಂಡ್ರಾ?"

ಶಿವರತ್ನಮ್ಮ ಎದ್ದು ನಿಂತಳು. ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಸೆರಗು ಎಳೆದುಕೊಳ್ಳುವುದನ್ನೂ ಮರೆತು ಕಿಟಕಿಯ ಕಡೆ ಓಡಿ ಹುಡುಗಿಯ ಭುಜ ಅಲ್ಲಾಡಿಸಿದಳು. "ಪುಟ್ಟಮಲ್ಲೀ, ಏಳೇ. ಏಳೇ ತಾಯಿ."

ಹುಡುಗಿ ತಲೆ ಎತ್ತಿದಳು. ಕೆನ್ನೆಗೆ ಶಾಯಿ ಹತ್ತಿತ್ತು. ಸುತ್ತ ನೋಡಿದಳು. ಎಲ್ಲರೂ ಹೆಚ್ಚುವರಿ ಹಾಳೆಗಳನ್ನು ದಾರದಲ್ಲಿ ಕಟ್ಟುತ್ತಿದ್ದರು. ಏನಾಗಿದೆ ಎಂದು ಗೊತ್ತಾಗಲು ಅವಳಿಗೆ ಅಷ್ಟು ಸಾಕಾಯಿತು. ಬರೆಯತೊಡಗಿದಳು. ಅಂಕಿಗಳು ಸಾಲು ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತಿದ್ದವು.

ಕೊನೆಯ ಗಂಟೆಯಾದಾಗ ಹಾಳೆ ತೆಗೆದುಕೊಳ್ಳಬೇಕಾದವಳು ಶಿವರತ್ನಮ್ಮನೇ. ಹುಡುಗಿ ಹಾಳೆಯ ಅಂಚನ್ನು ಬಿಡಲಿಲ್ಲ.

"ಒಂದ್ ಲೆಕ್ಕ ಮಿಸ್. ಇದೊಂದೇ. ಬತ್ತದೆ ನಂಗೆ, ಬತ್ತದೆ."

ಮುಖ್ಯಸ್ಥರು ಬಾಗಿಲಲ್ಲೇ ನಿಂತಿದ್ದರು. ಶಿವರತ್ನಮ್ಮ ಎಳೆದುಕೊಂಡಳು.

ಅವಳನ್ನು ಪರೀಕ್ಷೆಯ ಕೆಲಸದಿಂದ ತೆಗೆದರು. ಮೇಲಿನಿಂದ ಜವಾಬು ಕೇಳಿ ಪತ್ರ ಬಂತು. ನಿದ್ದೆ ಬಂತು, ತಪ್ಪಾಯಿತು ಎಂದು ಬರೆದುಕೊಟ್ಟಳು. ವೃಷಭೇಂದ್ರಪ್ಪ ಮೇಷ್ಟ್ರು ಈ ಸಲ ತಮ್ಮ ಕಾಫಿಯ ಲೋಟವನ್ನು ಅವಳ ಕಡೆಗೆ ಸರಿಸಿ ಎದ್ದುಹೋದರು. ಅವಳಿಗೆ ಕುಡಿಯಲಾಗಲಿಲ್ಲ.

ಫಲಿತಾಂಶ ಬಂದ ವಾರ ಮುಡಿಗುಂಡಕ್ಕೆ ಹೋದಳು. ಬಾಗಿಲಿಗೆ ಬಂದವಳು ಹುಡುಗಿಯ ತಾಯಿ ಚನ್ನಾಜಮ್ಮ.

"ಮೆತ್ತಗ್ ಬನ್ನಿ ಮೇಷ್ಟ್ರಮ್ಮ. ಜ್ವರಕ್ ಕೂತವೆ. ಹೋದ್ಸಲದ ಗೂಡು ಚೆನ್ನಾಗಾಯ್ತು, ಅದ್ಕೇ ತಿರ್ಗ ಮಾಡುದ್ವಿ." ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು. "ಅವ್ರು ಸತ್ತೇಗಾಲಕ್ ಓಗವ್ರೆ. ದಿನ ಗೊತ್ಮಾಡಾಕೆ."

ಹುಳಮನೆ ಕತ್ತಲಾಗಿತ್ತು. ಪುಟ್ಟಮಲ್ಲಮ್ಮ ತಟ್ಟೆಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎರಡು ಕೈಗೂ ಮುಂಗೈ ಅರ್ಧದವರೆಗೆ ಹಸಿರು ಬಳೆ. ಮಣಿಕಟ್ಟು ಕಾಣುತ್ತಿರಲಿಲ್ಲ.

"ಅಕ್ಟೋಬರಿಗೆ ಮತ್ತೆ ಕಟ್ಟೇ. ಫೀಸು ನಾನು ಕೊಡ್ತೀನಿ. ನಿಮ್ಮಪ್ಪನ ಕಾಲು ಬೇಕಾದ್ರೂ ಹಿಡೀತೀನಿ."

"ಆಷಾಡ ಬರಾದ್ರೊಳ್ಗೇ ಮದ್ವೆ ಮಿಸ್," ಎಂದಳು ಹುಡುಗಿ, ಹುಳುಗಳಿಗೆ ಕೇಳದಷ್ಟು ಮೆಲ್ಲಗೆ. "ಕೂತ್ಕಳಿ. ಅಲ್ಲಲ್ಲ, ಈ ಕಡೆ. ತಟ್ಟೆ ತಗುಲ್ತದೆ."

ಶಿವರತ್ನಮ್ಮ ನೆಲದ ಮೇಲೆ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೇ ಉಸಿರಿಗೆ ಬಂತು. "ನೀನು ಮಲಗಿದ್ದು ನಾನು ನೋಡಿದ್ದೆ ಕಣೆ. ನೋಡಿಯೂ ಎಬ್ಬಿಸಲಿಲ್ಲ."

"ಗೊತ್ತು ಮಿಸ್."

"ಏನು ಗೊತ್ತು?"

"ಕಿಟ್ಕಿ ಹಾಕುದ್ರಲ್ಲ, ಆಗ ನಂಗೆ ಎಚ್ಚರಾಗಿತ್ತು. ಮೊಕದ್ ಮೇಲ್ನ ಬಿಸ್ಲು ಹೋಯ್ತು. ಒಂಚೂರು ಕಣ್ ಬುಟ್ಟು ನೋಡ್ದೆ, ನೀವು. ಏಳಾವ ಅಂದ್ಕಂಡೆ." ಹುಡುಗಿ ಬಳೆಗಳನ್ನು ಹಿಂದಕ್ಕೆ ಮುಂದಕ್ಕೆ ಸರಿಸಿದಳು. ಸದ್ದಾದೀತೆಂದು ಕೈಯಲ್ಲೇ ಒತ್ತಿ ಹಿಡಿದಳು. "ಮಿಸ್ಸೇ ಇದ್ದಾರಲ್ಲ, ಅವ್ರೇ ಎಬ್ಬುಸ್ತಾರೆ ಬುಡು ಅಂತ ಮಲಗ್ಬುಟ್ಟೆ."

ಹೊರಗೆ ಚನ್ನಾಜಮ್ಮ ಸೊಪ್ಪಿನ ಕಡ್ಡಿಗಳನ್ನು ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡುತ್ತಿದ್ದಳು.

"ಚೆನ್ನಾಗ್ ನಿದ್ದೆ ಬಂತು ಮಿಸ್ ಅವತ್ತು," ಎಂದಳು ಪುಟ್ಟಮಲ್ಲಮ್ಮ.

ತಟ್ಟೆಯ ಒಂದು ಮೂಲೆಯಲ್ಲಿ ಒಂದೇ ಒಂದು ಹುಳು ಎಲ್ಲಕ್ಕಿಂತ ಮುಂಚೆ ಎದ್ದು, ಪೊರೆ ಕಳಚಿಕೊಂಡು, ಎಲೆ ಹುಡುಕುತ್ತ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿತ್ತು. ಉಳಿದವು ಏಳುವವರೆಗೆ ಅದಕ್ಕೆ ಸೊಪ್ಪು ಹಾಕುವಂತಿಲ್ಲ. ಇಬ್ಬರೂ ಅದನ್ನೇ ನೋಡುತ್ತ ಕೂತರು.

ಗಣಿತದಲ್ಲಿ ಪಾಸಾಗಲು ಮೂವತ್ತೈದು ಬೇಕಿತ್ತು. ಇಪ್ಪತ್ತೊಂಬತ್ತು ಬಂದಿತ್ತು. ಆರು ಅಂಕ ಕಮ್ಮಿ.