ಅವ್ವ ಮುಚ್ಚಿಟ್ಟ ಎಕ್ಸ್‌ರೇ

ಹನ್ನೆರಡನೇ ವಯಸ್ಸಿನಲ್ಲಿ ನನಗೆ ಟಿಬಿ ಆಗಿತ್ತು. ಕಾಂದಿವಲಿಯ ನಮ್ಮ ಚಾಳಿನ ನೆರೆಮನೆಗಳವರಿಗೆ ಮಾತ್ರ ಅದು ಟೈಫಾಯ್ಡ್. ಹಾಗೆಂದು ಎಲ್ಲರಿಗೂ ಹೇಳಿದವಳು ನನ್ನ ಅವ್ವ ಮಲ್ಲಕ್ಕ. ಟಿಬಿ ಎಂದು ತಿಳಿದರೆ ಮುಂದೆ ಮಗಳನ್ನು ಯಾರೂ ಮದುವೆಯಾಗುವುದಿಲ್ಲ ಎಂಬ ಭಯ ಅವಳಿಗೆ.

ಮೊನ್ನೆ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೆಲಸಕ್ಕೆ ಆಯ್ಕೆಯಾದೆ. ಮೆಡಿಕಲ್ ಪರೀಕ್ಷೆ ಒಂದೇ ಬಾಕಿ ಇತ್ತು.

“ಅಲ್ಲೂ ಟೈಫಾಯ್ಡ್ ಅಂತನ ಬರಿ,” ಎಂದಳು ಅವ್ವ.

ನನಗೆ ರೇಗಿತು. ಫಾರ್ಮಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಟಿಬಿ ಎಂದೇ ಬರೆದೆ.

ಹೊಸ ಎಕ್ಸ್‌ರೇ ತೆಗೆಸಿ, ಶ್ವಾಸಕೋಶದಲ್ಲಿ ಕಲೆ ಕಂಡ ಡಾಕ್ಟರು, ಅದು ಬೆಳೆದಿಲ್ಲವೆಂದು ಖಚಿತಪಡಿಸಿಕೊಳ್ಳಲು ಚಿಕಿತ್ಸೆ ಮುಗಿದಾಗಿನ ಎಕ್ಸ್‌ರೇ ಕೇಳಿದರು. ಅದನ್ನು ಸುಟ್ಟುಬಿಟ್ಟೆನೆಂದು ಅವ್ವ ಎಂದೋ ಹೇಳಿದ್ದಳು. ಆ ಸಂಜೆ ಅವಳ ಮೇಲೆ ಕೂಗಾಡಿದೆ. ಅವಳು ಟ್ರಂಕು ತೆರೆದು, ತನ್ನ ಮದುವೆಯ ಇಳಕಲ್ ಸೀರೆಯ ಮಡಿಕೆಯೊಳಗಿಂದ ಅದನ್ನು ತೆಗೆದಳು.

“ನಿನ್ನ ಎದಿ ಫೋಟೋ ಇದು. ಬೆಂಕಿಗೆ ಹೆಂಗ ಹಾಕ್ಲಿ?”

ಡಾಕ್ಟರು ಹಳೆಯ, ಹೊಸ ಎಕ್ಸ್‌ರೇ ಎರಡನ್ನೂ ಹೋಲಿಸಿದರು, ಯಂತ್ರದಲ್ಲಿ ಊದಿಸಿ ನನ್ನ ಉಸಿರನ್ನು ಅಳೆದರು. ಕೊನೆಗೆ ‘ಫಿಟ್’ ಎಂದು ಬರೆದರು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಅವ್ವನ ದನಿ ಜೋರಾಗಿ ಕೇಳಿತು. ಹೊರಗೆ ಬಂದು ನೋಡಿದರೆ, ಎಕ್ಸ್‌ರೇಯನ್ನು ಬಿಸಿಲಿಗೆ ಎತ್ತಿ ಹಿಡಿದು, ಕಲೆಯ ಮೇಲೆ ಬೆರಳಿಟ್ಟು, ನೀರಿಗೆ ನಿಂತ ಹೆಂಗಸರಿಗೆಲ್ಲ ತೋರಿಸುತ್ತಿದ್ದಾಳೆ.

“ಟೈಫಾಯ್ಡ್ ಅಲ್ರೀ, ಟಿಬಿ! ಆರು ತಿಂಗಳು ಒಂದಿನಾನೂ ಗುಳಿಗಿ ತಪ್ಪಿಸಿಲ್ಲ ನಮ್ಮ ಶಿವಕುಮಾರಿ. ಇನ್ನ ಹೆಣ್ಣು ನೋಡಾಕ ಬರೋರು ಮೊದಲ ಇದನ್ನ ನೋಡ್ಲಿ!”